ಕಾರಣ ಹೇಳದ ಕಾಗದ

ತಾಂಬೂಲ ಬದಲಾಯಿಸಿಕೊಂಡ ಮೇಲೆ ಸಂಬಂಧವನ್ನು ಮುರಿಯುವ ಮನೆತನವನ್ನು ಊರು ಸುಮ್ಮನೆ ಬಿಡುವುದಿಲ್ಲ. ನಾಲ್ಕು ಜನ ಹಿರಿಯರು ಕೂಡುತ್ತಾರೆ, ಕಾರಣವೇನೆಂದು ಕೇಳುತ್ತಾರೆ, ಹೇಳಿದ ಕಾರಣವು ಒಪ್ಪತಕ್ಕದ್ದೆ ಎಂದು ತೂಗಿ ನೋಡುತ್ತಾರೆ, ಆದ ಖರ್ಚನ್ನು ಯಾರು ಹೊರಬೇಕೆಂಬುದನ್ನೂ ತೀರ್ಮಾನಿಸುತ್ತಾರೆ. ಅಕ್ಷರದ ಗಂಧವಿಲ್ಲದ ಹಳ್ಳಿಯಲ್ಲಿಯೂ ಇಷ್ಟು ಮರ್ಯಾದೆಯುಂಟು. ಆದರೆ ದೊಡ್ಡ ಪರೀಕ್ಷೆಗಳಲ್ಲಿ ತೇರ್ಗಡೆಯಾದ ತರುಣನಿಗೋ ತರುಣಿಗೋ ಉದ್ಯೋಗ ಕೊಡುವೆವೆಂದು ರುಜು ಹಾಕಿದ ಕಾಗದವನ್ನು ಕಳುಹಿಸಿ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಡಿಸಿ, ಊರು ಬಿಡಲು ಗಂಟುಮೂಟೆ ಕಟ್ಟಿಸಿ, ಆಮೇಲೆ ಎರಡೇ ಸಾಲಿನ ಇನ್ನೊಂದು ಕಾಗದದಿಂದ ಅದೆಲ್ಲವನ್ನೂ ಅಳಿಸಿಬಿಡುವ ಸಂಸ್ಥೆಯನ್ನು ಕಾರಣ ಕೇಳುವ ಹಿರಿಯರು ಯಾರೂ ಇಲ್ಲ. “ಅನಿವಾರ್ಯ ಕಾರಣಗಳಿಂದ” ಎಂದು ಬರೆದರೆ ಮುಗಿಯಿತು. ಆ ಕಾರಣಗಳು ಯಾವುವು, ಯಾರಿಗೆ ಅನಿವಾರ್ಯವಾದುವು ಎಂಬುದು ಬರೆದವರಿಗೇ ಗೊತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮನೆಯವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ.

ಹಿಂದಕ್ಕೆ ಪಡೆದ ಉದ್ಯೋಗವೆಲ್ಲವೂ ಅನ್ಯಾಯದಿಂದ ಹೋಯಿತೆಂದು ಯಾರೂ ವಾದಿಸಲಾರರು. ವ್ಯಾಪಾರವು ಕುಸಿಯಬಹುದು, ಕಚೇರಿಯೇ ಮುಚ್ಚಬಹುದು, ಅಭ್ಯರ್ಥಿಯು ತೋರಿಸಿದ ಪ್ರಮಾಣಪತ್ರವು ಖೋಟಾ ಎಂದು ತಿಳಿದುಬರಬಹುದು. ಆದರೆ ಇವೆಲ್ಲವೂ ಬರೆಯಬಹುದಾದ ಕಾರಣಗಳು. ಇವನ್ನು ಬರೆಯಲು ಯಾವ ಸಂಸ್ಥೆಗೂ ನಾಚಿಕೆಯಿಲ್ಲ. ಬರೆಯಲು ಬಾರದ ಕಾರಣಗಳು ಬೇರೆ ಇವೆ. ಆಕೆಗೆ ಮದುವೆಯಾಗಿದೆ, ಆಕೆ ಗರ್ಭಿಣಿ, ಆತನ ಹೆಸರು ಇಂಥ ಮತದ್ದು, ಆತನ ಕಾಯಂ ವಿಳಾಸವನ್ನು ನೋಡಿದಾಗ ಕೇರಿ ಯಾವುದೆಂದು ತಿಳಿಯಿತು. ಬರೆದ ಕಾರಣವನ್ನು ಪ್ರಶ್ನಿಸಬಹುದು. ಬರೆಯದ ಕಾರಣವನ್ನು ಊಹಿಸಬಹುದಷ್ಟೆ. ಊಹೆಯ ಮೇಲೆ ಯಾವ ನ್ಯಾಯಾಲಯವೂ ತೀರ್ಪು ಕೊಡಲಾರದು. ಈ ದೇಶದಲ್ಲಿ ನೇಮಕದ ತಾರತಮ್ಯವು ಇಂದಿಗೂ ಸುಖವಾಗಿ ಬಾಳುತ್ತಿರುವುದು ಈ ಒಂದು ಬಿರುಕಿನಲ್ಲಿಯೇ. ಕೊಟ್ಟ ಉದ್ಯೋಗವನ್ನು ಹಿಂದಕ್ಕೆ ಪಡೆಯುವವನು, ಸರಕಾರವೇ ಆಗಲಿ ಖಾಸಗಿ ಧಣಿಯೇ ಆಗಲಿ, ಅದೇ ದಿವಸ ಅದೇ ಕಾಗದದಲ್ಲಿ ಕಾರಣವನ್ನು ಬರೆದು ಕೊಡಲೇಬೇಕೆಂಬ ನಿಯಮವು ಇಲ್ಲದಿರುವವರೆಗೆ ಸಮಾನತೆಯ ಮಿಕ್ಕ ಕಾಯಿದೆಗಳು ಗೋಡೆಯ ಮೇಲಿನ ಚಿತ್ರಗಳಾಗಿಯೇ ಇರುವುವು.

ಬರೆಯದ ಕಾರಣವು ಅಪರೂಪಕ್ಕೆ ಒಮ್ಮೆ ನ್ಯಾಯಾಲಯದ ಬೆಳಕಿಗೆ ಬರುವುದುಂಟು. 1989ರಲ್ಲಿ ದೆಹಲಿಯ ಹೆಂಗಸೊಬ್ಬರು ಭಾರತೀಯ ಜೀವವಿಮಾ ನಿಗಮದಲ್ಲಿ ಸಹಾಯಕರ ಹುದ್ದೆಗೆ ಅರ್ಜಿ ಹಾಕಿದರು. ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದರು, ಸಂದರ್ಶನದಲ್ಲಿಯೂ ಆಯ್ಕೆಯಾದರು. ನಿಗಮವು ತಾನೇ ಗೊತ್ತುಮಾಡಿದ ವೈದ್ಯರಿಂದ ಪರೀಕ್ಷೆ ಮಾಡಿಸಲಾಗಿ, ಶರೀರವು ಕೆಲಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರವೂ ದೊರೆಯಿತು. ಸೆಪ್ಟೆಂಬರ್ 25ರಂದು ನೇಮಕವಾಯಿತು. ಆಕೆ ಹೆರಿಗೆಯ ರಜೆ ಪಡೆದರು, ಮರುವರ್ಷದ ಜನವರಿಯಲ್ಲಿ ಮಗುವಾಯಿತು. ಬಾಣಂತನವು ಮುಗಿಯುವ ಮೊದಲೇ, 1990ರ ಫೆಬ್ರವರಿ 13ರಂದು, ಕೆಲಸದಿಂದ ಬಿಡುಗಡೆ ಮಾಡಿದ ಹುಕುಮು ಬಂದಿತು. ಪರೀಕ್ಷಾವಧಿಯಲ್ಲಿರುವವರನ್ನು ಕಾರಣ ಹೇಳದೆಯೇ ಬಿಡಬಹುದೆಂದು ನೇಮಕದ ಕಾಗದದಲ್ಲಿದ್ದ ಕರಾರೇ ಅದಕ್ಕೆ ಆಧಾರ. ಇಲ್ಲಿ ಎರಡನೆಯ ಕಾಗದವು ನಾಲ್ಕೂವರೆ ತಿಂಗಳು ತಡವಾಗಿ ಬಂದಿತೆಂಬುದಷ್ಟೇ ವಿಶೇಷ. ಅದರ ಜಾತಿಯು ಮೇಲೆ ಹೇಳಿದ ಕಾಗದದ್ದೇ.

ಆಕೆ ಸುಮ್ಮನಾಗಲಿಲ್ಲ. ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿದರೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ನಿಗಮವು ಬಾಯಿ ಬಿಡಲೇಬೇಕಾಯಿತು. ಕೆಲಸಕ್ಕೆ ಸೇರುವಾಗ ತುಂಬಿದ ನಮೂನೆಯಲ್ಲಿ ಆಕೆ ಗರ್ಭಿಣಿಯೆಂಬುದನ್ನು ಮರೆಮಾಚಿ ತಪ್ಪು ವಿವರ ಕೊಟ್ಟರೆಂಬುದು ಅದರ ವಾದ. ಆ ನಮೂನೆಯು ಏನನ್ನು ಕೇಳಿತ್ತೆಂಬುದನ್ನು ವಾಚಕರು ತಿಳಿದುಕೊಳ್ಳಬೇಕು. ವಿವಾಹಿತೆಯಾದ ಹೆಂಗಸು ತನ್ನ ಮುಟ್ಟು ಕ್ರಮವಾಗಿ, ನೋವಿಲ್ಲದೆ ಆಗುತ್ತಿದೆಯೆ, ಕೊನೆಯ ಸಲ ಎಂದು ಆಯಿತು, ಎಷ್ಟು ಸಲ ಗರ್ಭ ಕಟ್ಟಿತು, ಕೊನೆಯ ಹೆರಿಗೆ ಯಾವಾಗ, ಗರ್ಭಪಾತವೇನಾದರೂ ಆಗಿದೆಯೆ ಎಂಬುದನ್ನೆಲ್ಲ ಬರೆದು ರುಜು ಹಾಕಬೇಕಾಗಿತ್ತು. ಹೆತ್ತ ತಾಯಿಯೊಡನೆಯೂ ಮಗಳು ಸಂಕೋಚದಿಂದ ಆಡುವ ಮಾತನ್ನು ಕಚೇರಿಯ ಕಡತಕ್ಕೆ ಬರೆದು ಕೊಡಬೇಕಾಗಿತ್ತೆಂದಾಯಿತು! ವಿಮೆ ಮಾರುವವರಿಗೆ ಎಲ್ಲರ ಶರೀರವನ್ನೂ ಲೆಕ್ಕ ಹಾಕುವ ಅಭ್ಯಾಸವಿರುವುದೇನೋ ದಿಟ. ಆದರೆ ಆಕೆ ಅಲ್ಲಿಗೆ ಹೋದದ್ದು ಪಾಲಿಸಿ ಕೊಳ್ಳುವುದಕ್ಕಲ್ಲ, ಕೆಲಸ ಮಾಡುವುದಕ್ಕೆ.

1991ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹಿಂದೆ ಕರ್ನಾಟಕದ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು ಆ ಪೀಠದಲ್ಲಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆಕೆಯ ಕೆಲಸದಲ್ಲಿ ಕೊರತೆಯಿತ್ತೆಂದು ತೋರಿಸುವ ಒಂದು ತುಂಡು ಕಾಗದವೂ ದಾಖಲೆಯಲ್ಲಿಲ್ಲವೆಂಬುದನ್ನು ನ್ಯಾಯಾಲಯವು ಮೊದಲು ಎತ್ತಿ ತೋರಿಸಿತು. ದೋಷವಿರುವುದು ಆಕೆಯ ಉತ್ತರದಲ್ಲಲ್ಲ, ನಿಗಮವು ಕೇಳಿದ ಪ್ರಶ್ನೆಯಲ್ಲಿಯೇ ಎಂದಿತು. ಆ ಅಂಕಣಗಳನ್ನು ನಮೂನೆಯಿಂದ ಕಿತ್ತುಹಾಕಬೇಕೆಂದೂ ಆಕೆಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದೂ ಹೇಳಿತು.

ಈ ಪ್ರಸಂಗವನ್ನು ಕೇಳಿದ ವಿದ್ಯಾವಂತರಲ್ಲಿ ಹಲವರು ಇಂದಿಗೂ ಒಂದು ಮಾತನ್ನು ಆಡುವರು: “ಏನೇ ಆಗಲಿ, ಆಕೆ ಸುಳ್ಳು ಹೇಳಬಾರದಾಗಿತ್ತು.” ಈ ಮಾತಿನಲ್ಲಿ ಸತ್ಯನಿಷ್ಠೆಯ ವೇಷವಿದೆ, ನ್ಯಾಯವಿಲ್ಲ. ಕೇಳುವ ಅಧಿಕಾರವಿಲ್ಲದವನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಋಣವು ಯಾರ ಮೇಲೆಯೂ ಇಲ್ಲ. ನಿಜವನ್ನು ಬರೆದಿದ್ದರೆ ಕೆಲಸವು ಸಿಕ್ಕುತ್ತಿತ್ತೆ? ಸಿಕ್ಕುತ್ತಿತ್ತೆಂದಾದರೆ ಆ ಅಂಕಣವು ನಿರರ್ಥಕ. ಸಿಕ್ಕುತ್ತಿರಲಿಲ್ಲವೆಂದಾದರೆ ಆ ಅಂಕಣವೇ ಅಪರಾಧ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಸತ್ಯನಿಷ್ಠರ ಆಕ್ಷೇಪಣೆಯು ನಿಲ್ಲುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹುಕುಮಿನಲ್ಲಿ ಇಲ್ಲದ ಕಾರಣವನ್ನು ನಿಗಮವು ನ್ಯಾಯಾಲಯದಲ್ಲಿ ಹೊರತೆಗೆಯಿತು. ಆಕೆ ಅಲ್ಲಿಯವರೆಗೆ ಹೋಗದೆ ಇದ್ದಿದ್ದರೆ? ಆ ನಮೂನೆಯು ಹಾಗೆಯೇ ಮುದ್ರಣವಾಗುತ್ತಲೇ ಇರುತ್ತಿತ್ತು. ಎಷ್ಟು ಜನ ಹೆಂಗಸರು ತಮ್ಮ ಅದೃಷ್ಟವನ್ನು ಹಳಿದುಕೊಂಡು ಮನೆಯಲ್ಲಿ ಕುಳಿತಿರುತ್ತಿದ್ದರೋ! 1977ರ ಡಿಸೆಂಬರಿನಲ್ಲಿ ಚುನಾವಣೆಯೊಂದರ ವಿವಾದವನ್ನು ತೀರ್ಮಾನಿಸುವಾಗ ಸುಪ್ರೀಂ ಕೋರ್ಟು ಒಂದು ಸೂತ್ರವನ್ನು ಹಾಕಿಕೊಟ್ಟಿದೆ. ಶಾಸನದ ಅಧಿಕಾರದಿಂದ ಹೊರಡಿಸಿದ ಹುಕುಮಿನ ಯೋಗ್ಯತೆಯನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು. ಆಮೇಲೆ ಪ್ರಮಾಣಪತ್ರದ ಮೂಲಕ ಹೊಸ ಕಾರಣಗಳನ್ನು ತಂದು ತುಂಬುವಂತಿಲ್ಲ ಎಂಬುದೇ ಆ ಸೂತ್ರ. ಅಧಿಕಾರಿಗಳಿಗೆ ಸಲ್ಲುವ ಈ ಶಿಸ್ತು ಉದ್ಯೋಗ ಕೊಡುವ ಪ್ರತಿಯೊಬ್ಬ ಧಣಿಗೂ ಏಕೆ ಸಲ್ಲಬಾರದು?

ದೆಹಲಿಯ ಆ ನಮೂನೆಗೆ ಹಿರಿಯಕ್ಕನೊಂದಿತ್ತು. ಅದು ಸರಕಾರದ ಮನೆಯಲ್ಲಿಯೇ ಬೆಳೆದದ್ದು. ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು ದೇಶದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಹಾಗೆ ಸೇರಿದ ಮೊದಲನೆಯ ಹೆಂಗಸು ಅವರೇ. ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಅವರಿಂದ ಮುಚ್ಚಳಿಕೆ ಬರೆಯಿಸಿಕೊಂಡ ಮೇಲೆಯೇ ಉದ್ಯೋಗವನ್ನು ಕೊಟ್ಟದ್ದು. ಜೊತೆಯಲ್ಲಿ ಸೇರಿದ ಗಂಡಸರಾರೂ ಇಂಥ ಮುಚ್ಚಳಿಕೆಯನ್ನು ಬರೆದುಕೊಡಲಿಲ್ಲ. ಸಂವಿಧಾನವು ಬಂದು, ಸರಕಾರಿ ಉದ್ಯೋಗದಲ್ಲಿ ಲಿಂಗ ಜಾತಿ ಮತ ಜನ್ಮಸ್ಥಳಗಳ ಭೇದವೆಣಿಸಬಾರದೆಂದು ಅದರ 16ನೆಯ ವಿಧಿಯು ಸಾರಿದ ಮೇಲೆಯೂ, 1961ರ ನಿಯಮಗಳಲ್ಲಿ ಆ ಮುಚ್ಚಳಿಕೆಯು ಹೊಸ ಅಂಗಿ ತೊಟ್ಟು ಬಂದಿತು. ಮದುವೆಗೆ ಮುಂಚೆ ಹೆಂಗಸು ಸರಕಾರದ ಲಿಖಿತ ಅನುಮತಿಯನ್ನು ಪಡೆಯಬೇಕು. ಸಂಸಾರವು ಕೆಲಸಕ್ಕೆ ಅಡ್ಡಿಯೆಂದು ಸರಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕು. ವಿವಾಹಿತೆಗೆ ಈ ಸೇವೆಯಲ್ಲಿ ನೇಮಕ ಹೊಂದುವ ಹಕ್ಕೇ ಇಲ್ಲ. ಮುತ್ತಮ್ಮನವರು 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದರು. ಆ ಸೇವೆಯ ಹೆಂಗಸರಲ್ಲಿ ರಾಯಭಾರಿಯ ಪದವಿಗೇರಿದವರಲ್ಲಿ ಮೊದಲಿಗರು ಅವರು. ಆದರೂ ಅತ್ಯುನ್ನತ ಶ್ರೇಣಿಗೆ ಬಡ್ತಿಯು ಬಂದಾಗ ಅವರಲ್ಲಿ ಯೋಗ್ಯತೆ ಸಾಲದೆಂದರು. ಅವರು ಸರಕಾರದ ಮೇಲೆಯೇ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆಯು ನಡೆಯುವ ಹೊತ್ತಿಗೆ ಸರಕಾರವು ಬಡ್ತಿಯನ್ನು ಕೊಟ್ಟು ಕೈತೊಳೆದುಕೊಂಡಿತು. ಆದುದರಿಂದ 1979ರ ಸೆಪ್ಟೆಂಬರಿನಲ್ಲಿ ಅರ್ಜಿಯು ಕೊನೆಗೊಂಡಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಆ ನಿಯಮಗಳನ್ನು ಎತ್ತಿ ತೋರಿಸಿ, ಸಂಸಾರದ ಚಿಂತೆಯು ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಅಡ್ಡಿಯೇ ಅಲ್ಲವೆ ಎಂದು ಕೇಳದೆ ಬಿಡಲಿಲ್ಲ.

ಇದು ಹಳೆಯ ಕಥೆಯೆಂದು ಯಾರೂ ನೆಮ್ಮದಿಯಿಂದಿರಬಾರದು. ಸೈನ್ಯದ ಶುಶ್ರೂಷಾ ವಿಭಾಗದಲ್ಲಿ ಅಧಿಕಾರಿಯಾಗಿದ್ದ ಹೆಂಗಸೊಬ್ಬರನ್ನು ಮದುವೆಯಾದರೆಂಬ ಕಾರಣಕ್ಕೆ 1988ರಲ್ಲಿ ಕೆಲಸದಿಂದ ಬಿಡುಗಡೆ ಮಾಡಿದರು. ಅದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿ 60 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತಾರು ವರ್ಷ! ಅಷ್ಟರೊಳಗೆ ಕೆಲಸ ಮಾಡುವ ವಯಸ್ಸೇ ಕಳೆದುಹೋಗಿರುತ್ತದೆ. 2021ರ ಡಿಸೆಂಬರಿನ ಕೊನೆಗೆ ಭಾರತೀಯ ಸ್ಟೇಟ್ ಬ್ಯಾಂಕು ಇನ್ನೊಂದು ಸೋಜಿಗವನ್ನು ಮಾಡಿತು. ಆಯ್ಕೆಯಾದ ಹೆಂಗಸು ಮೂರು ತಿಂಗಳು ಮೀರಿದ ಗರ್ಭಿಣಿಯಾಗಿದ್ದರೆ ಅವಳು “ತಾತ್ಕಾಲಿಕವಾಗಿ ಅಯೋಗ್ಯಳು”, ಹೆರಿಗೆಯಾಗಿ ನಾಲ್ಕು ತಿಂಗಳೊಳಗೆ ಬಂದು ಸೇರಬಹುದು ಎಂದು ಸುತ್ತೋಲೆ ಹೊರಡಿಸಿತು. ಅದಕ್ಕೆ ಮುಂಚೆ ಆರು ತಿಂಗಳ ಗರ್ಭಿಣಿಯವರೆಗೂ ಸೇರಿಸಿಕೊಳ್ಳುತ್ತಿದ್ದ ಬ್ಯಾಂಕು ಅದು. ಹಿಂದಕ್ಕೆ ನಡೆಯುವುದಕ್ಕೆ ಯಾವ ವೈದ್ಯಶಾಸ್ತ್ರವು ಕಾರಣವಾಯಿತೋ ತಿಳಿಯದು. ದೆಹಲಿಯ ಮಹಿಳಾ ಆಯೋಗವು ನೋಟೀಸು ಕೊಟ್ಟ ಮೇಲೆ, ಪತ್ರಿಕೆಗಳಲ್ಲಿ ಕೂಗೆದ್ದ ಮೇಲೆ, 2022ರ ಜನವರಿ ಮುಗಿಯುವುದರೊಳಗೆ ಬ್ಯಾಂಕು ಆ ಸುತ್ತೋಲೆಯನ್ನು ತಡೆಹಿಡಿಯಿತು. ಬ್ಯಾಂಕು ಅದನ್ನು ಬರೆದದ್ದರಿಂದಲೇ ಕೂಗೆದ್ದಿತು; ಬರೆಯದೆಯೇ ಇದೇ ನಿಯಮವನ್ನು ನಡೆಯಿಸುವ ಕಚೇರಿಗಳು ಎಷ್ಟಿರಬಹುದು?

ಇಲ್ಲಿ ಧಣಿಗಳ ಪರವಾಗಿ ಒಂದು ವಾದವು ಬರುವುದು. ಹೆರಿಗೆಯ ರಜೆಯ ಸಂಬಳವನ್ನು ಧಣಿಯೇ ಕೊಡಬೇಕು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರಗಳಾಯಿತು. ಸಣ್ಣ ಸಂಸ್ಥೆಯು ಇದನ್ನು ಹೇಗೆ ಹೊತ್ತೀತು? ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಭಾರವನ್ನು ಧಣಿಯೊಬ್ಬನ ತಲೆಯ ಮೇಲೆಯೇ ಹೊರಿಸಿದ ಶಾಸನಕರ್ತರು ಹೆಂಗಸರ ಕೈಗೆ ಕೊಟ್ಟದ್ದನ್ನು ಹಿಂಬಾಗಿಲಿನಿಂದ ಕಸಿದುಕೊಳ್ಳುವುದಕ್ಕೆ ತಾವೇ ದಾರಿ ಮಾಡಿಕೊಟ್ಟರು. ಹಾಗಾದರೆ ಧಣಿಗಳು ಒಟ್ಟುಗೂಡಿ ಸರಕಾರವನ್ನು ಕೇಳಲಿ: ಈ ವೆಚ್ಚವನ್ನು ಸಮಾಜವೆಲ್ಲ ಹಂಚಿಕೊಳ್ಳಲೆಂದು. ಅದನ್ನು ಬಿಟ್ಟು ಕೆಲಸ ಕೇಳಲು ಬಂದ ಹುಡುಗಿಯ ಮೇಲೆ ಏಕೆ ಸೇಡು? ಇದೇ ಪ್ರಶ್ನೆಯು ಯೂರೋಪಿನಲ್ಲಿಯೂ ಎದ್ದಿತ್ತು, ಅದೂ ದೆಹಲಿಯ ಆ ಹೆಂಗಸನ್ನು ಹೊರಗೆ ಹಾಕಿದ ವರ್ಷದಲ್ಲಿಯೇ. ಹಾಲೆಂಡಿನ ತರಬೇತಿ ಸಂಸ್ಥೆಯೊಂದರ ಆಯ್ಕೆ ಸಮಿತಿಯು ಒಬ್ಬ ಹೆಂಗಸನ್ನೇ ಎಲ್ಲರಿಗಿಂತ ಯೋಗ್ಯಳೆಂದು ಆರಿಸಿತು. ಆಕೆ ತಾನು ಗರ್ಭಿಣಿಯೆಂದು ತಾನಾಗಿಯೇ ಸಮಿತಿಗೆ ಹೇಳಿದ್ದಳು. ರಜೆಯ ಸಂಬಳವನ್ನು ವಿಮೆಯವರು ತುಂಬಿಕೊಡುವುದಿಲ್ಲವೆಂದು ಆಡಳಿತ ಮಂಡಲಿಯು ಆಕೆಯನ್ನು ತೆಗೆದುಕೊಳ್ಳಲಿಲ್ಲ. 1990ರ ನವೆಂಬರಿನಲ್ಲಿ ಯೂರೋಪಿಯ ನ್ಯಾಯಾಲಯವು ನಿರ್ದಾಕ್ಷಿಣ್ಯವಾಗಿ ಹೇಳಿತು: ಗರ್ಭಿಣಿಯಾಗುವುದು ಹೆಂಗಸಿಗೆ ಮಾತ್ರ ಸಾಧ್ಯ, ಆದುದರಿಂದ ಗರ್ಭದ ಕಾರಣಕ್ಕೆ ನಿರಾಕರಿಸುವುದು ನೇರವಾದ ಲಿಂಗಭೇದವೇ, ಹಣದ ನಷ್ಟವು ಅದಕ್ಕೆ ಸಮರ್ಥನೆಯಾಗದು. ಎರಡು ವರ್ಷಗಳಲ್ಲಿ ಅಲ್ಲಿ ಇನ್ನೊಂದು ನಿಯಮವೂ ಬಂದಿತು: ಗರ್ಭಿಣಿಯನ್ನು ಕೆಲಸದಿಂದ ತೆಗೆಯುವ ಧಣಿಯು ತಕ್ಕ ಆಧಾರದೊಡನೆ ಕಾರಣವನ್ನು ಬರೆದೇ ಕೊಡಬೇಕು. ಈ ಲೇಖನದ ಬೇಡಿಕೆಯು ಆಕಾಶದಿಂದ ಇಳಿದದ್ದೇನೂ ಅಲ್ಲ.

ಹೆಂಗಸರಿಗಾದರೂ ಶಾಸನದ ಒಂದಿಷ್ಟು ನೆರಳುಂಟು. ಒಂದೇ ಬಗೆಯ ಕೆಲಸಕ್ಕೆ ನೇಮಿಸುವಾಗ ಲಿಂಗಭೇದ ಮಾಡಬಾರದೆಂದು 1976ರ ಸಮಾನ ವೇತನದ ಕಾಯಿದೆಯು ಖಾಸಗಿ ಧಣಿಗೂ ಹೇಳಿತ್ತು. ಅದನ್ನು ನುಂಗಿಕೊಂಡು 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಎಚ್.ಐ.ವಿ. ಸೋಂಕಿನವರಿಗೆ ಉದ್ಯೋಗವನ್ನು ನಿರಾಕರಿಸಬಾರದೆಂದು 2017ರಲ್ಲಿ ಕಾಯಿದೆಯಾಯಿತು. ಅದೂ ಖಾಸಗಿಯವರನ್ನು ಕಟ್ಟುತ್ತದೆ. ಜಾತಿ ಮತಗಳ ವಿಷಯದಲ್ಲಿ ಮಾತ್ರ ಖಾಸಗಿ ನೇಮಕವನ್ನು ಹೀಗೆ ನೇರವಾಗಿ ಹಿಡಿದು ಕೇಳುವ ಸಾಮಾನ್ಯ ಶಾಸನವು ಇಲ್ಲ. 16ನೆಯ ವಿಧಿಯು ಸರಕಾರದ ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತದೆ. ಈ ಕೊರತೆಯನ್ನು ತುಂಬಲು ಶಶಿ ತರೂರರು 2017ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯು ಕಾಯಿದೆಯಾಗಲಿಲ್ಲ.

ಕೊರತೆಯು ಬರಿಯ ಕಾಗದದ್ದಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟವೆಲ್ ಎಂಬ ವಿದ್ವಾಂಸರು 2005ರ ಅಕ್ಟೋಬರಿನಿಂದ 66 ವಾರಗಳ ಕಾಲ ಒಂದು ಪರೀಕ್ಷೆ ನಡೆಯಿಸಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಉದ್ಯೋಗಗಳ 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿದರು. ಹೋಲಿಸಿ ನೋಡಿದ ಅರ್ಜಿಗಳಲ್ಲಿ ವಿದ್ಯೆ, ಅನುಭವ ಎಲ್ಲವೂ ಸಮಾನ, ವ್ಯತ್ಯಾಸವು ಹೆಸರೊಂದರಲ್ಲಿ. ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಮೇಲುಜಾತಿಯ ಹಿಂದೂ ಹೆಸರಿಗೆ ಕರೆ ಬರುವ ಸಂಭವವನ್ನು 100 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ 67, ಮುಸಲ್ಮಾನ ಹೆಸರಿಗೆ 33! ಸಂದರ್ಶನದ ಬಾಗಿಲಿನ ಹೊರಗೆ, ಹೆಸರೊಂದನ್ನೇ ನೋಡಿ ಆದ ಲೆಕ್ಕವಿದು. ಬಾಗಿಲೊಳಗೆ ಹೋಗಿ ಆಯ್ಕೆಯಾದ ಮೇಲೆ ತಂದೆಯ ಹೆಸರು, ಕಾಯಂ ವಿಳಾಸ, ಮದುವೆಯಾಗಿದೆಯೋ ಇಲ್ಲವೋ ಎಂಬ ವಿವರ, ಗುರುತಿನ ಚೀಟಿಗಳು ಎಲ್ಲವೂ ಕಚೇರಿಯ ಮೇಜಿಗೆ ಬರುವುವು. ಎರಡನೆಯ ಕಾಗದವು ಹೊರಡುವುದು ಬಹಳ ಸಲ ಈ ಘಟ್ಟದಲ್ಲಿಯೇ ಎಂಬುದನ್ನು ನೆನಪಿನಲ್ಲಿಟ್ಟರೆ “ಅನಿವಾರ್ಯ ಕಾರಣ”ಗಳ ಬಗೆಗೆ ಸಂಶಯವು ಹುಟ್ಟದಿರದು.

ಕಾರಣವನ್ನು ಬರೆಯಲೇಬೇಕೆಂದರೆ ಸುಳ್ಳು ಕಾರಣವನ್ನು ಬರೆದಾರೆಂಬ ಆಕ್ಷೇಪಣೆಯೊಂದಿದೆ. ಬರೆಯಲಿ! 2015ರಲ್ಲಿ ಮುಂಬಯಿಯ ವಜ್ರದ ವ್ಯಾಪಾರದ ಕಂಪೆನಿಯೊಂದು ಮುಸಲ್ಮಾನರನ್ನು ತೆಗೆದುಕೊಳ್ಳುವುದಿಲ್ಲವೆಂದು ಅರ್ಜಿದಾರನೊಬ್ಬನಿಗೆ ಸ್ಪಷ್ಟವಾಗಿಯೇ ಈಮೇಲಿನಲ್ಲಿ ಬರೆಯಿತು, ದೂರು ದಾಖಲಾಯಿತು, ಅನುಭವವಿಲ್ಲದ ನೌಕರರೊಬ್ಬರ ತಪ್ಪೆಂದು ಕಂಪೆನಿಯು ಜಾರಿಕೊಳ್ಳಬೇಕಾಯಿತು. ಅಷ್ಟು ಸರಳಹೃದಯದ ಧಣಿಗಳು ಅಪರೂಪ. ಮಿಕ್ಕವರು ಹಾವೂ ಸಾಯದ ಕೋಲೂ ಮುರಿಯದ ಮಾತನ್ನೇ ಬರೆಯುವರು. ಆದರೆ ಬರೆದ ಸುಳ್ಳಿಗೆ ಕಾಲುಂಟು. ಅದನ್ನು ಹಿಡಿದು ಎಳೆಯಬಹುದು. “ಹುದ್ದೆಯು ರದ್ದಾಗಿದೆ” ಎಂದು ಬರೆದವನು ಮುಂದಿನ ತಿಂಗಳು ಅದೇ ಹುದ್ದೆಗೆ ಜಾಹೀರಾತು ಕೊಟ್ಟರೆ ಆ ಎರಡು ಕಾಗದಗಳೇ ಸಾಕ್ಷಿ ಹೇಳುವುವು. “ಅನುಭವವು ಸಾಲದು” ಎಂದವನು ಅದಕ್ಕಿಂತ ಕಡಿಮೆ ಅನುಭವದವನನ್ನು ಕೂರಿಸಿದರೆ ಅದೂ ಹೊರಬೀಳುವುದು. ಮೌನಕ್ಕೆ ಮಾತ್ರ ಕಾಲೂ ಇಲ್ಲ, ಕೈಯೂ ಇಲ್ಲ.

ಇನ್ನು ಕೆಲವರು, “ಮನೆ ಅವನದು, ಹಣ ಅವನದು, ಯಾರನ್ನು ಇಟ್ಟುಕೊಳ್ಳಬೇಕೆಂಬುದು ಅವನ ಇಷ್ಟ” ಎನ್ನುವರು. ಕಾಗದವನ್ನು ಕೊಡುವುದಕ್ಕೆ ಮುಂಚೆ ಈ ಮಾತಿನಲ್ಲಿ ಅಲ್ಪಸ್ವಲ್ಪ ಸತ್ಯವಿದ್ದೀತು. ಕೊಟ್ಟ ಮೇಲೆ ಇಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಮುಂದಿಟ್ಟ ಪ್ರಸ್ತಾವವನ್ನು ಎದುರಾಳಿಯ ಒಪ್ಪಿಗೆಯು ಹೊರಡುವ ತನಕ ಹಿಂದಕ್ಕೆ ಪಡೆಯಬಹುದು. ಒಪ್ಪಿಗೆಯು ಹೊರಟ ಮೇಲೆ ಪ್ರಸ್ತಾವ ಮಾಡಿದವನು ಕಟ್ಟುಬಿದ್ದನು. ಆಮೇಲೆ ಮುರಿದರೆ ನಷ್ಟವನ್ನು ತುಂಬಿಕೊಡಬೇಕೆಂದು 73ನೆಯ ಕಲಮು ಹೇಳುತ್ತದೆ. ಒಲ್ಲದ ಧಣಿಯ ಕೈಕೆಳಗೆ ಕೆಲಸ ಕೊಡಿಸಲು ಸಾಮಾನ್ಯವಾಗಿ ಕೋರ್ಟು ಒಪ್ಪುವುದಿಲ್ಲವೆಂಬುದು ನಿಜವೇ. ನೇಮಕದ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ “ಕಾರಣ ಹೇಳದೆ ರದ್ದುಮಾಡಲಾಗುವುದು” ಎಂಬ ಸಾಲೊಂದನ್ನು ತೂರಿಸುವ ಜಾಣತನವೂ ಇದೆ. ಆದರೂ ರಾಜೀನಾಮೆ ಕೊಟ್ಟು ಕಳೆದುಕೊಂಡ ಸಂಬಳ, ಹೊಸ ಊರಿನಲ್ಲಿ ಮನೆಗೆ ಕೊಟ್ಟ ಮುಂಗಡ, ಪ್ರಯಾಣದ ವೆಚ್ಚ, ಇವು ಲೆಕ್ಕಕ್ಕೆ ಸಿಕ್ಕುವ ನಷ್ಟಗಳು. ಇಂಥ ಲೆಕ್ಕವನ್ನು ಬರೆದು ಧಣಿಗೆ ಕಳುಹಿಸಿದ ಅಭ್ಯರ್ಥಿಗಳು ಈ ಜಿಲ್ಲೆಯಲ್ಲಿ ಎಷ್ಟು ಜನರಿದ್ದಾರೆ?

ಬಹಳ ಜನರಿರಲಾರರು, ಅದಕ್ಕೆ ಮನೆಗಳೇ ಕಾರಣ. ಕಾಗದವು ಬಂದ ದಿವಸ ತಂದೆಯು, “ಹೋಗಲಿ ಬಿಡು, ಇನ್ನೊಂದು ಸಿಕ್ಕುತ್ತದೆ” ಎನ್ನುವರು. ಚಿಕ್ಕಪ್ಪನವರು, “ಗಲಾಟೆ ಮಾಡಿದರೆ ಹೆಸರು ಕೆಟ್ಟೀತು, ಮುಂದೆ ಯಾರೂ ಕರೆಯುವುದಿಲ್ಲ” ಎಂದು ಬುದ್ಧಿ ಹೇಳುವರು. ಗರ್ಭಿಣಿಯಾದ ಸೊಸೆಯಾದರೆ ಅತ್ತೆಯವರಿಗೆ ಒಳಗೊಳಗೆ ಸಮಾಧಾನವೂ ಆಗುವುದುಂಟು. ಧಣಿಗೆ ಬೇಕಾದದ್ದೂ ಇದೇ. ಅವನ ಮೌನಕ್ಕೆ ಮನೆಯ ಮೌನವು ಜೊತೆಯಾದರೆ ಅಲ್ಲಿಗೆ ಪ್ರಕರಣವು ಮುಗಿಯಿತು. ಇದಕ್ಕೆ ಬದಲಾಗಿ ಆ ವಾರದಲ್ಲಿಯೇ ಮೂರು ಸಾಲಿನ ಕಾಗದವನ್ನು ಬರೆಯಬಹುದಲ್ಲವೆ? “ಇಂಥ ದಿನ ನೀವು ಉದ್ಯೋಗವನ್ನು ಕೊಟ್ಟಿರಿ, ಇಂಥ ದಿನ ಒಪ್ಪಿದೆನು, ಹಿಂದಕ್ಕೆ ಪಡೆದ ಕಾರಣವನ್ನು ತಿಳಿಸಬೇಕು.” ಜವಾಬು ಬಂದರೆ ಅದು ದಾಖಲೆ, ಬಾರದಿದ್ದರೆ ಕೇಳಿದ್ದಕ್ಕೆ ಜವಾಬಿಲ್ಲವೆಂಬುದೂ ದಾಖಲೆಯೇ. ಸಂದರ್ಶನದಲ್ಲಿ ಯಾರು ಏನು ಕೇಳಿದರೆಂಬುದನ್ನು ಅಂದಿನ ದಿನಾಂಕದೊಡನೆ ಬರೆದಿಡುವುದು, ಬಂದ ಕಾಗದಗಳ ಪ್ರತಿಗಳನ್ನು ಜೋಪಾನವಾಗಿಡುವುದು, ಮೊದಲ ಕೆಲಸದ ರಾಜೀನಾಮೆಯನ್ನು ಹೊಸ ನೇಮಕದ ರುಜುವಾದ ಕಾಗದವು ಕೈಗೆ ಸೇರುವವರೆಗೆ ತಡೆದಿಡುವುದು, ಇವುಗಳಿಗೆ ವಕೀಲರೇನೂ ಬೇಕಾಗಿಲ್ಲ.

ಈ ಮನೆಗಳ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಅಷ್ಟು ಹಿತವಾದ ಮಾತಲ್ಲ. ಜಿಲ್ಲೆಯ ವಿದ್ಯಾಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ, ಸಹಕಾರಿ ಬ್ಯಾಂಕುಗಳ ನಿರ್ದೇಶಕರಲ್ಲಿ, ಆಸ್ಪತ್ರೆ ಅಂಗಡಿ ಕಾರ್ಖಾನೆಗಳ ಒಡೆಯರಲ್ಲಿ ಕುಳಿತಿರುವವರು ಇದೇ ವಿದ್ಯಾವಂತ ಮನೆಗಳವರು. ಮಗಳಿಗೆ ಅನ್ಯಾಯವಾಯಿತೆಂದು ಕಣ್ಣೀರು ತುಂಬುವ ಯಜಮಾನರೇ ಮರುದಿನ ಸಂದರ್ಶನದ ಮೇಜಿನ ಈಚೆಗೆ ಕುಳಿತು, “ಏನಮ್ಮಾ, ಮದುವೆ ಯಾವಾಗ?” “ಮನೆಯವರು ಎಲ್ಲಿ ಕೆಲಸದಲ್ಲಿದ್ದಾರೆ? ವರ್ಗವಾದರೆ ನೀವೂ ಹೊರಟುಬಿಡುತ್ತೀರಲ್ಲವೆ?” “ಯಾವ ಊರಾಯಿತು ತಮ್ಮದು? ಅಲ್ಲಿ ಯಾವ ಕೇರಿ?” ಎಂದು ನಯವಾಗಿ ವಿಚಾರಿಸುವರು. ಇವು ಲೋಕಾರೂಢಿಯ ಕುಶಲಪ್ರಶ್ನೆಗಳೆಂದು ಅವರ ಸಮರ್ಥನೆ. ಕುಶಲಪ್ರಶ್ನೆಯಾದರೆ ಗಂಡಸು ಅಭ್ಯರ್ಥಿಗೂ ಮಕ್ಕಳನ್ನು ಯಾರು ನೋಡಿಕೊಳ್ಳುವರೆಂದು ಕೇಳಬೇಕಾಗಿತ್ತು. ಕೇಳಿದವರುಂಟೆ? ಮೂರು ಪ್ರಶ್ನೆಗಳಲ್ಲಿ ಜಾತಿ, ಸಂಸಾರ, ಗರ್ಭ ಎಲ್ಲವನ್ನೂ ತಿಳಿದುಕೊಂಡು, ಆಮೇಲೆ ಗುಮಾಸ್ತರಿಂದ “ಅನಿವಾರ್ಯ ಕಾರಣಗಳಿಂದ” ಎಂದು ಬರೆಯಿಸುವವರು ಯಾವ ದೂರದ ಕಂಪೆನಿಯನ್ನು ದೂರಬೇಕು?

ಶಾಸನವು ಬರುವವರೆಗೂ ಕಾಯಬೇಕಾದ ಕೆಲಸವಲ್ಲ ಇದು. ದೆಹಲಿಯ ಆ ಮೊಕದ್ದಮೆಯಲ್ಲಿ ಕಿತ್ತುಹಾಕಲು ಹೇಳಿದ ಅಂಕಣಗಳಂಥವು ಈ ಜಿಲ್ಲೆಯ ಯಾವ ಸಂಸ್ಥೆಯ ಅರ್ಜಿನಮೂನೆಯಲ್ಲಿ ಇನ್ನೂ ಉಳಿದಿವೆಯೆಂಬುದನ್ನು ಆಯಾ ಸಂಸ್ಥೆಯ ಕಾರ್ಯದರ್ಶಿಗಳು ಮುಂದಿನ ಆಡಳಿತ ಮಂಡಲಿಯ ಸಭೆಗೆ ಮುಂಚೆ ಕಪಾಟಿನಿಂದ ತೆಗೆದು ನೋಡಬಹುದು. ಕೊಟ್ಟ ನೇಮಕವನ್ನು ರದ್ದುಮಾಡುವ ಪ್ರತಿಯೊಂದು ಕಾಗದದಲ್ಲಿಯೂ ಕಾರಣವನ್ನು ಬರೆದು ಅಧ್ಯಕ್ಷರು ರುಜು ಹಾಕತಕ್ಕುದೆಂಬ ಒಂದು ಸಾಲಿನ ಠರಾವಿಗೆ ಅದೇ ಸಭೆಯಲ್ಲಿ ಎರಡು ನಿಮಿಷ ಸಾಕು. ಅಂಥ ಠರಾವಿಗೆ ಯಾರಾದರೂ ಸದಸ್ಯರು ವಿರೋಧವಾಗಿ ಕೈ ಎತ್ತಿದರೆ ಅವರ ಹೆಸರನ್ನೂ ನಡವಳಿಯ ಪುಸ್ತಕದಲ್ಲಿ ಬರೆದಿಡಬೇಕು.